ಬಾಯಲ್ಲಿ ಎಚ್‌ಪಿವಿ ಅನ್ನುವ ವೈರಸ್ ಇದೆ ಅಂತ ರಿಪೋರ್ಟ್ ಬಂದಿದೆ. ಇದು ಎಷ್ಟು ಜನರಿಗೆ ಇರುತ್ತದೆ?

ಚನ್ನಗಿರಿ_ತೋಟ ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಹೆಸರು ಹಾಕದೆ ಬರೆಯುತ್ತಿದ್ದೇನೆ, ಕ್ಷಮಿಸಿ. ಮೂರು ರಾತ್ರಿಯಿಂದ ಸರಿಯಾಗಿ ನಿದ್ದೆ ಇಲ್ಲ.

ನನ್ನ ಊರು ಚನ್ನಗಿರಿ ಹತ್ತಿರ. 17 ವರ್ಷದಿಂದ ಅಮೆರಿಕದ ಒಹಾಯೋದಲ್ಲಿದ್ದೇನೆ. ವಯಸ್ಸು 43. ಮದುವೆಯಾಗಿ 15 ವರ್ಷ. ಮಗನಿಗೆ 12, ಮಗಳಿಗೆ 9.

ಹೋದ ತಿಂಗಳು ಹಲ್ಲು ಕ್ಲೀನಿಂಗ್‌ಗೆ ಹೋಗಿದ್ದೆ. ಅಲ್ಲಿನ ಹುಡುಗಿ ಒಂದು ಸಣ್ಣ ಟ್ಯೂಬಿನಲ್ಲಿ ಉಪ್ಪುನೀರು ಕೊಟ್ಟಳು. "30 ಸೆಕೆಂಡ್ ಗಂಟಲಿನ ತನಕ ಮುಕ್ಕಳಿಸಿ, ಇದರಲ್ಲೇ ಉಗುಳಿ. ಎಲ್ಲರಿಗೂ ಮಾಡುತ್ತಿದ್ದೇವೆ" ಅಂದಳು. ಯಾವುದಕ್ಕೆ ಅಂತ ನಾನೂ ಸರಿಯಾಗಿ ಕೇಳಲಿಲ್ಲ. ಎರಡು ವಾರ ಬಿಟ್ಟು ಮೊಬೈಲ್‌ಗೆ ರಿಪೋರ್ಟ್ ಬಂತು. ಎಚ್‌ಪಿವಿ 16 ಕಂಡುಬಂದಿದೆ, ಕ್ಯಾನ್ಸರಿನ ಅಪಾಯ ಹೆಚ್ಚಿರುವ ಜಾತಿ ಅಂತ ಕೆಂಪು ಅಕ್ಷರದಲ್ಲಿ ಬರೆದಿತ್ತು. ಫೋನ್ ಮಾಡಿದರೆ, "ಆರು ತಿಂಗಳು ಬಿಟ್ಟು ಇನ್ನೊಂದು ಸಲ ಮಾಡಿಸಿ" ಅಂದರು, ಅಷ್ಟೇ. ಇದು ಏನು, ಎಲ್ಲಿಂದ ಬಂತು, ಎಷ್ಟು ಹೆದರಬೇಕು ಅಂತ ಒಬ್ಬರೂ ಕೂತು ಹೇಳಲಿಲ್ಲ.

ಆ ರಿಪೋರ್ಟನ್ನು ನನಗಿಂತ ಮೊದಲು ನೋಡಿದ್ದು ನನ್ನ ಹೆಂಡತಿ. ಮನೆಯ ಅಪಾಯಿಂಟ್‌ಮೆಂಟ್ ಎಲ್ಲ ಅವಳೇ ನೋಡಿಕೊಳ್ಳುವುದು. ಅವಳು ಜಗಳ ಮಾಡಲಿಲ್ಲ. ಏನೂ ಕೇಳಲಿಲ್ಲ. ಮಾರನೇ ದಿನ ಬೆಳಿಗ್ಗೆ ನನ್ನ ಕಾಫಿ ಬೇರೆ ಲೋಟದಲ್ಲಿ ಬಂತು. ಊರಿಂದ ತಂದ ನಾಲ್ಕು ಸ್ಟೀಲ್ ಲೋಟದಲ್ಲಿ ನಾವು ನಾಲ್ವರೂ ಕುಡಿಯುವುದು, ಯಾವುದು ಯಾರದು ಅಂತ ಇಲ್ಲ. ಈಗ ನನಗೆ ಮಾತ್ರ ಒಂದು ಬಿಳಿ ಪಿಂಗಾಣಿ ಕಪ್ಪು. ತೊಳೆದ ಮೇಲೂ ಅದು ಸಿಂಕಿನ ಆ ಕಡೆ ಬೇರೆಯಾಗಿ ಬೋರಲು ಬಿದ್ದಿರುತ್ತದೆ.

ಮದುವೆಯಾದ ಮೇಲೆ ನಾನು ದಾರಿ ತಪ್ಪಿಲ್ಲ. ಮದುವೆಗೆ ಮುಂಚೆ, ಬೆಂಗಳೂರಿನಲ್ಲಿ ಕೆಲಸ ಮಾಡುವಾಗ, ಒಬ್ಬಳ ಜೊತೆ ಸಂಬಂಧ ಇತ್ತು. ಅದು ಹೆಂಡತಿಗೂ ಗೊತ್ತು. ಸಿಗರೇಟು ಸೇದುತ್ತಿದ್ದೆ, 2016ರಲ್ಲಿ ಬಿಟ್ಟೆ.

ನನ್ನ ಪ್ರಶ್ನೆ ಇಷ್ಟೇ. ಇದು ನನ್ನಂಥ ಅಪರೂಪದವರಿಗೆ ಬರುವುದಾ, ಇಲ್ಲ ಸುಮಾರು ಜನರಿಗೆ ಇರುತ್ತದಾ? ಇದ್ದರೆ ಕ್ಯಾನ್ಸರ್ ಬಂದೇ ಬರುತ್ತದಾ? ಶೇವ್ ಮಾಡುವಾಗಲೆಲ್ಲ ಕತ್ತು ಒತ್ತಿ ಒತ್ತಿ ನೋಡಿಕೊಳ್ಳುತ್ತಿದ್ದೇನೆ. ಅಮ್ಮನಿಗೆ ಫೋನಿನಲ್ಲಿ ಹೇಳುವ ಹಾಗೂ ಇಲ್ಲ.

---

ತುಂಗಾ_ತೀರ:

ಲೋಟದ ವಿಷಯ ಮೊದಲು ಹೇಳಿಬಿಡುತ್ತೇನೆ. ನಾನು ಡಾಕ್ಟರ್ ಅಲ್ಲ, ಲ್ಯಾಬ್‌ನಲ್ಲಿ ಕೆಲಸ ಮಾಡುವವಳು. ಲೋಟ, ತಟ್ಟೆ, ಚಮಚದಿಂದ ಇದು ಹರಡುತ್ತದೆ ಅನ್ನುವುದಕ್ಕೆ ಪುರಾವೆ ಇಲ್ಲ. ಬಾಯಿಗೆ ಇದು ಬರುವುದು ಮುಖ್ಯವಾಗಿ ಬಾಯಿಯಿಂದ ಮಾಡುವ ಲೈಂಗಿಕ ಸಂಪರ್ಕದಿಂದ. ಆಳವಾದ ಮುತ್ತಿನಿಂದಲೂ ಬರಬಹುದು ಅನ್ನುತ್ತಾರೆ. ಮಕ್ಕಳ ಜೊತೆ ಕೂತು ಊಟ ಮಾಡಿ, ಮಗಳ ಕೆನ್ನೆಗೆ ಮುತ್ತು ಕೊಡಿ, ಏನೂ ಆಗುವುದಿಲ್ಲ. ಉಳಿದದ್ದನ್ನು ತಿಳಿದವರು ಹೇಳಲಿ.

---

ಹುಬ್ಬಳ್ಳಿ_ಗಂಟಲು:

ಚನ್ನಗಿರಿಯವರೇ, ನಾನು ಹುಬ್ಬಳ್ಳಿಯಲ್ಲಿ ಕಿವಿ, ಮೂಗು, ಗಂಟಲಿನ ಡಾಕ್ಟರು. 22 ವರ್ಷವಾಯಿತು. ನಿಮ್ಮ ಪ್ರಶ್ನೆಗೆ ಉತ್ತರ ಇದೆ, ಅದೂ ನೀವಿರುವ ದೇಶದ್ದೇ ಲೆಕ್ಕ. ನಿಧಾನವಾಗಿ ಓದಿ. ಆ ಕಪ್ಪು ಹಿಡಿದುಕೊಂಡೇ ಓದಿ, ಪರವಾಗಿಲ್ಲ.

ಅಮೆರಿಕ ಸರ್ಕಾರ ತನ್ನ ಜನರ ಆರೋಗ್ಯದ ಒಂದು ದೊಡ್ಡ ಸಮೀಕ್ಷೆ ನಡೆಸುತ್ತದೆ, ಎನ್‌ಹೇನ್ಸ್ ಅಂತ. ಕಾಯಿಲೆಯವರನ್ನು ಆರಿಸುವುದಿಲ್ಲ. ದೇಶದ ಎಲ್ಲ ಥರದ ಜನರೂ ಬರುವ ಹಾಗೆ ಮನೆಗಳನ್ನು ಆರಿಸಿ, ದೊಡ್ಡ ಟ್ರೇಲರ್ ಗಾಡಿಗಳನ್ನೇ ಊರಿಂದ ಊರಿಗೆ ಒಯ್ದು ಪರೀಕ್ಷೆ ಮಾಡುತ್ತಾರೆ. 2009–10ರಲ್ಲಿ ಆ ಗಾಡಿಯಲ್ಲಿ ಬಾಯಿ ಮುಕ್ಕಳಿಸುವುದನ್ನೂ ಸೇರಿಸಿದರು. ನೀವು ಮಾಡಿದ ಹಾಗೇ, 30 ಸೆಕೆಂಡ್. 14ರಿಂದ 69 ವರ್ಷದ 5,579 ಜನ ಮುಕ್ಕಳಿಸಿ ಉಗುಳಿದರು. ಅದರಲ್ಲಿ 37 ಜಾತಿಯ ಎಚ್‌ಪಿವಿಯನ್ನು ಹುಡುಕಿದರು. ಫಲಿತಾಂಶ 2012ರಲ್ಲಿ ಬಂತು.

ಈಗ ಒಂದು ಮದುವೆ ಊಟದ ಪಂಕ್ತಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. 100 ಎಲೆ ಹಾಕಿದ್ದಾರೆ, 100 ಜನ ಅಮೆರಿಕದವರು ಕೂತಿದ್ದಾರೆ. ಅದರಲ್ಲಿ 7 ಜನರ ಬಾಯಲ್ಲಿ ಆವತ್ತು ಯಾವುದೋ ಒಂದು ಜಾತಿಯ ಎಚ್‌ಪಿವಿ ಇರುತ್ತದೆ. ಸರಿಯಾದ ಲೆಕ್ಕ 6.9. ಅವರಿಗೆ ನೋವಿಲ್ಲ, ಹುಣ್ಣಿಲ್ಲ, ಇದೆ ಅಂತ ಗೊತ್ತೂ ಇಲ್ಲ. ಪಾಯಸ ಮುಗಿಸಿ ಕೈ ತೊಳೆದು ಎದ್ದು ಹೋಗುತ್ತಾರೆ. ಪಂಕ್ತಿಯಲ್ಲಿ ಬರೀ ಗಂಡಸರು ಕೂತಿದ್ದರೆ 10 ಜನ. ಬರೀ ಹೆಂಗಸರಾದರೆ 3 ಅಥವಾ 4. ಗಂಡಸರಲ್ಲೇ ಯಾಕೆ ಇಷ್ಟು ಜಾಸ್ತಿ ಅನ್ನುವುದಕ್ಕೆ ಒಂದು ವಿವರಣೆ ಇದೆ: ಹೆಂಗಸರ ಮೈ ಈ ವೈರಸ್ಸನ್ನು ಗರ್ಭಕೋಶದ ಬಾಯಿಯ ಕಡೆ ಮೊದಲೇ ಕಂಡು ಅದರ ವಿರುದ್ಧ ಪ್ರತಿಕಾಯ ಮಾಡಿಕೊಂಡಿರುತ್ತದೆ, ಗಂಡಸರ ಮೈಯಲ್ಲಿ ಅಷ್ಟು ಚೆನ್ನಾಗಿ ಪ್ರತಿಕಾಯ ಹುಟ್ಟುವುದಿಲ್ಲ.

ನಿಮ್ಮ ರಿಪೋರ್ಟಿನಲ್ಲಿರುವ 16 ಅದೇ ಪಂಕ್ತಿಯಲ್ಲಿ ಒಬ್ಬರಿಗೆ ಇರುತ್ತದೆ. ನೂರಕ್ಕೆ ಒಂದು. ಇದು ಸಣ್ಣ ಸಂಖ್ಯೆ ಅಂತ ಅನ್ನಿಸಬಹುದು. ಆದರೆ ಇಡೀ ಅಮೆರಿಕಕ್ಕೆ ಹಾಕಿ ನೋಡಿ, ಸುಮಾರು 20 ಲಕ್ಷ ಜನ. ನಿಮ್ಮ ಆಫೀಸಿನಲ್ಲಿ 300 ಜನ ಇದ್ದರೆ ನಿಮ್ಮ ಜೊತೆ ಇನ್ನಿಬ್ಬರು. ಅವರು ಉಪ್ಪುನೀರು ಮುಕ್ಕಳಿಸಲಿಲ್ಲ, ಆದ್ದರಿಂದ ಚೆನ್ನಾಗಿ ನಿದ್ದೆ ಮಾಡುತ್ತಿದ್ದಾರೆ.

ಒಂದು ಸಲದ ಲೆಕ್ಕ ಅಂತಲೂ ತಿಳಿಯಬೇಡಿ. 2011–14ರಲ್ಲಿ ಮತ್ತೆ ನೋಡಿದಾಗ 18ರಿಂದ 69 ವರ್ಷದವರಲ್ಲಿ 7.3 ಬಂತು. ಹೆಚ್ಚುಕಡಿಮೆ ಅದೇ.

ಇನ್ನು ಎಲ್ಲಿಂದ ಬಂತು ಅನ್ನುವುದು. ನಿಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳದಿರುವ ಪ್ರಶ್ನೆ ಇದೇ, ಅಲ್ವಾ? ಅದಕ್ಕೆ ಆ ರಿಪೋರ್ಟ್ ಉತ್ತರ ಹೇಳಲಾರದು. ವೈರಸ್ಸಿನ ಮೇಲೆ ತಾರೀಖು ಬರೆದಿರುವುದಿಲ್ಲ. ಹೋದ ತಿಂಗಳು ಬಂದಿರಬಹುದು, 20 ವರ್ಷದ ಹಿಂದೆ ಬಂದು ಅಡಗಿ ಕೂತಿರಬಹುದು, ಗಂಡಹೆಂಡಿರ ನಡುವೆಯೇ ಒಬ್ಬರಿಂದ ಒಬ್ಬರಿಗೆ ಬಂದಿರಬಹುದು. ಲೈಂಗಿಕ ಸಂಪರ್ಕ ಇರುವ ಯಾರಿಗಾದರೂ ಜೀವನದಲ್ಲಿ ಒಮ್ಮೆಯಾದರೂ ಯಾವುದೋ ಒಂದು ಎಚ್‌ಪಿವಿ ತಗಲುವುದು ತೀರಾ ಸಾಮಾನ್ಯ. ಸಂಗಾತಿಗಳ ಸಂಖ್ಯೆ ಹೆಚ್ಚಾದಷ್ಟೂ ಬಾಯಲ್ಲಿ ಸಿಗುವ ಸಾಧ್ಯತೆ ಹೆಚ್ಚು ಅನ್ನುವುದು ನಿಜ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಒಬ್ಬರೇ ಸಂಗಾತಿ ಇರುವವರಲ್ಲೂ ಸಿಗುತ್ತದೆ. ಒಬ್ಬ ಮನುಷ್ಯನ ರಿಪೋರ್ಟ್ ಹಿಡಿದು ಅವನ ನಡತೆ ಹೇಳಲು ಆಗುವುದಿಲ್ಲ. ಇದನ್ನು ನಿಮ್ಮ ಮನೆಯವರಿಗೆ ಓದಿ ಹೇಳಿ, ಒಬ್ಬ ಡಾಕ್ಟರಮ್ಮ ಬರೆದಿದ್ದಾಳೆ ಅಂತ.

ಸಿಗರೇಟು ಬಿಟ್ಟಿದ್ದು ದೊಡ್ಡ ಕೆಲಸ. ಅದೇ ಸಮೀಕ್ಷೆಯಲ್ಲಿ ದಿನಕ್ಕೆ ಹೆಚ್ಚು ಸೇದುವವರ ಬಾಯಲ್ಲೇ ವೈರಸ್ ಹೆಚ್ಚು ಸಿಕ್ಕಿತು.

ಬಂದದ್ದು ಉಳಿಯುತ್ತದಾ? ಬಹುಪಾಲು ಉಳಿಯುವುದಿಲ್ಲ. ಬ್ರೆಜಿಲ್, ಮೆಕ್ಸಿಕೊ, ಅಮೆರಿಕದ 1,626 ಗಂಡಸರನ್ನು ಹಿಂಬಾಲಿಸಿ ನೋಡಿದ ಅಧ್ಯಯನ 2013ರಲ್ಲಿ ಬಂತು. ಒಂದು ವರ್ಷದಲ್ಲಿ ನೂರಕ್ಕೆ 4.4 ಜನರ ಬಾಯಿಗೆ ಹೊಸದಾಗಿ ಎಚ್‌ಪಿವಿ ಬಂತು. ಕ್ಯಾನ್ಸರ್ ತರಬಲ್ಲ ಜಾತಿಗಳು ಬಂದವರಲ್ಲಿ ಅರ್ಧದಷ್ಟು ಮಂದಿಗೆ ಏಳು ತಿಂಗಳೊಳಗೆ ತಾನಾಗಿಯೇ ಹೋಯಿತು. ಔಷಧಿ ಇಲ್ಲದೆ. 16 ಮಾತ್ರ ಕೆಲವರಲ್ಲಿ, ಅದರಲ್ಲೂ ವಯಸ್ಸಾದವರಲ್ಲಿ, ಸ್ವಲ್ಪ ಹಠ ಹಿಡಿದು ಕೂರುತ್ತದೆ. ಹಾಗೆ ಕೂತು, ಎಷ್ಟೋ ವರ್ಷ ಕಳೆದು, ಅಲ್ಲೊಬ್ಬರು ಇಲ್ಲೊಬ್ಬರಲ್ಲಿ ಗಂಟಲಿನ ಕ್ಯಾನ್ಸರ್ ಆಗುತ್ತದೆ. ಅಮೆರಿಕದ ಸಾವಿರ ಗಂಡಸರಲ್ಲಿ ಈ ಗಂಟಲಿನ ಕ್ಯಾನ್ಸರ್ ಇಡೀ ಜೀವನದಲ್ಲಿ ಬರುವುದು ಸುಮಾರು 7 ಜನರಿಗೆ.

ಆ ಟೆಸ್ಟ್ ಬಗ್ಗೆ ನನಗೆ ಸಿಟ್ಟಿದೆ. ಬಾಯಿಯ ಎಚ್‌ಪಿವಿಗೆ ಆರೋಗ್ಯವಂತರನ್ನು ಪರೀಕ್ಷಿಸಲು ಎಫ್‌ಡಿಎ, ಅಂದರೆ ಔಷಧಿ, ಟೆಸ್ಟುಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ, ಒಪ್ಪಿಗೆ ಕೊಟ್ಟ ಟೆಸ್ಟೇ ಇಲ್ಲ. ಯಾಕೆ ಅಂದರೆ, ಗರ್ಭಕೋಶದ ಬಾಯಿಯಲ್ಲಿ ವೈರಸ್ ಸಿಕ್ಕಿದರೆ ಮುಂದೆ ಏನು ಮಾಡಬೇಕು ಅಂತ ನಮಗೆ ಗೊತ್ತು. ದೊಡ್ಡದಾಗಿ ತೋರಿಸುವ ದುರ್ಬೀನಿನಲ್ಲಿ ನೋಡಬಹುದು, ಕ್ಯಾನ್ಸರ್ ಆಗುವ ಮುಂಚಿನ ಭಾಗ ಕಾಣುತ್ತದೆ, ಅದನ್ನು ತೆಗೆಯಬಹುದು. ಗಂಟಲಿನಲ್ಲಿ ಈ ವೈರಸ್ ಕೂರುವ ಟಾನ್ಸಿಲ್ ಹಾಗಲ್ಲ. ಅದು ಮೇಲ್ನೋಟಕ್ಕೆ ಉಂಡೆ, ಹತ್ತಿರದಿಂದ ನೋಡಿದರೆ ಹಾಗಲಕಾಯಿಯ ಮೈ. ಸಂದು ಸಂದು, ಆಳವಾದ ಗುಳಿಗಳು. ವೈರಸ್ ಆ ಗುಳಿಯ ತಳದಲ್ಲಿ ಕೂರುತ್ತದೆ. ಅಲ್ಲಿ ಕ್ಯಾನ್ಸರಿನ ಮುಂಚಿನ ಹಂತವನ್ನು ಹುಡುಕುವ ದಾರಿ ನಮಗಿನ್ನೂ ಸಿಕ್ಕಿಲ್ಲ. ಮಾಡಲು ಏನೂ ಇಲ್ಲದ ಮೇಲೆ ಒಬ್ಬನ ಕೈಗೆ ಕೆಂಪು ಅಕ್ಷರದ ಕಾಗದ ಕೊಟ್ಟು ಮನೆಗೆ ಕಳಿಸುವುದು ಸರಿಯಲ್ಲ.

ನೀವು ಮಾಡಬೇಕಾದದ್ದು: ಒಬ್ಬ ಗಂಟಲಿನ ಡಾಕ್ಟರಿಗೆ ಒಮ್ಮೆ ತೋರಿಸಿ, ಮನಸ್ಸಿನ ಸಮಾಧಾನಕ್ಕೆ. ಆಮೇಲೆ ದಿನಾ ಕತ್ತು ಒತ್ತುವುದು ಬಿಡಿ, ಒತ್ತಿ ಒತ್ತಿಯೇ ಕತ್ತು ನೋಯುತ್ತದೆ. ಕತ್ತಿನಲ್ಲಿ ನೋವಿಲ್ಲದ ಗಂಟು ಎರಡು ಮೂರು ವಾರವಾದರೂ ಹೋಗದಿದ್ದರೆ, ಒಂದೇ ಕಡೆ ಗಂಟಲು ಅಥವಾ ಕಿವಿ ನೋಯುತ್ತಲೇ ಇದ್ದರೆ, ನುಂಗಲು ತೊಂದರೆಯಾದರೆ, ಉಗುಳಿನಲ್ಲಿ ರಕ್ತ ಬಂದರೆ, ಆಗ ತಡ ಮಾಡಬೇಡಿ.

ಮತ್ತೆ ನಿಮ್ಮ ಮಗನಿಗೆ 12 ಅಂದಿರಿ. ಲಸಿಕೆ ಆಗಿದೆಯಾ?

---

ಕಾವೇರಿ_ಸೊಸೆ:

ನಾನು ಕೆನಡಾದಲ್ಲಿದ್ದೇನೆ. ಆ ಸಾವಿರಕ್ಕೆ ಏಳು ಜನರಲ್ಲಿ ಒಬ್ಬರು ನಮ್ಮ ಮನೆಯವರು ಅಂತ ಇಟ್ಟುಕೊಳ್ಳಿ. ಅದಕ್ಕೇ ಬರೆಯುತ್ತಿದ್ದೇನೆ.

ಅವರಿಗೆ 52 ಆಗಿತ್ತು. ಬೀಡಿ ಸಿಗರೇಟು ಏನೂ ಇಲ್ಲ. ಶೇವ್ ಮಾಡುವಾಗ ಬಲಗಡೆ ದವಡೆಯ ಕೆಳಗೆ ನೆಲ್ಲಿಕಾಯಿ ಗಾತ್ರದ ಗಂಟು. ನೋವಿಲ್ಲ. ಎರಡು ತಿಂಗಳು ಸುಮ್ನೆ ಬಿಟ್ಟೆವು, ಅದೇ ನಮ್ಮ ತಪ್ಪು. ಟಾನ್ಸಿಲ್‌ನಲ್ಲಿ ಕ್ಯಾನ್ಸರ್, ಎಚ್‌ಪಿವಿಯಿಂದ ಬಂದದ್ದು ಅಂದರು. 35 ಸಲ ರೇಡಿಯೇಷನ್, ವಾರಕ್ಕೆ ಐದು ದಿನ, ಏಳು ವಾರ. ಜೊತೆಗೆ ಕೀಮೋ. ನಾಲ್ಕನೇ ವಾರದಿಂದ ಬಾಯಿ ಸುಟ್ಟ ಹಾಗಾಗಿ, ಉಪ್ಪಿಲ್ಲದ ರಾಗಿ ಗಂಜಿಯನ್ನು ಚಮಚದಲ್ಲಿ ಇಟ್ಟುಕೊಂಡು ಗಡಿಯಾರ ನೋಡುತ್ತಿದ್ದರು. ಒಂದು ಚಮಚ ನುಂಗಲು ಎರಡು ನಿಮಿಷ. ಸಾರಿನ ರುಚಿ ತಿರುಗಿ ಬರಲು ಒಂದು ವರ್ಷ ಬೇಕಾಯಿತು. ಈಗ ಆರು ವರ್ಷವಾಯಿತು, ಚೆನ್ನಾಗಿದ್ದಾರೆ. ತಂಬಾಕಿನಿಂದ ಬರುವುದಕ್ಕಿಂತ ಎಚ್‌ಪಿವಿಯಿಂದ ಬಂದದ್ದು ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ ಅಂತ ಮೊದಲ ದಿನವೇ ಹೇಳಿದ್ದರು, ಹಾಗೇ ಆಯಿತು.

ನನಗೂ ಆವಾಗ ಅದೇ ಅನುಮಾನ ಬಂದಿತ್ತು. ಆಸ್ಪತ್ರೆಯ ನರ್ಸ್ ನನ್ನನ್ನು ಪಕ್ಕಕ್ಕೆ ಕರೆದು ಕೂರಿಸಿ ಹೇಳಿದರು: "ಇಂಥ ರೋಗಿಗಳ ಗಂಡಹೆಂಡಿರ ಬಾಯನ್ನೂ ಪರೀಕ್ಷಿಸಿ ನೋಡಿದ್ದಾರೆ. ಬೇರೆ ಜನರಲ್ಲಿ ಎಷ್ಟಿದೆಯೋ ಅಷ್ಟೇ ಇತ್ತು. ನೀವು ಇಷ್ಟು ವರ್ಷ ಹೇಗಿದ್ದಿರೋ ಹಾಗೇ ಇರಿ, ಏನೂ ಬದಲಾಯಿಸಬೇಕಾಗಿಲ್ಲ." ಆವತ್ತು ಅವರು ಐದು ನಿಮಿಷ ಕೊಡದಿದ್ದರೆ ನಾನು ಆ ಏಳು ವಾರ ಹೇಗೆ ಗಂಜಿ ಮಾಡಿ ಕೊಡುತ್ತಿದ್ದೆನೋ ಗೊತ್ತಿಲ್ಲ. ತಮ್ಮ, ನಿಮ್ಮ ಹೆಂಡತಿಯ ಜೊತೆ ಕೂತು ಮಾತಾಡಿ. ಅವಳು ಕೇಳಲಿ ಅಂತ ಕಾಯಬೇಡಿ.

---

ಚನ್ನಗಿರಿ_ತೋಟ:

ಡಾಕ್ಟ್ರೇ, ಅಕ್ಕ, ಇಬ್ಬರಿಗೂ ಕೈಮುಗಿಯುತ್ತೇನೆ. ಪಂಕ್ತಿಯ ಲೆಕ್ಕವನ್ನು ನಾಲ್ಕು ಸಲ ಓದಿದೆ. ಮಗನಿಗೆ ಲಸಿಕೆ ಆಗಿಲ್ಲ. ಹೋದ ವರ್ಷ ಶಾಲೆಯ ಚೆಕಪ್‌ನಲ್ಲಿ ಕೇಳಿದ್ದರು, "ಅದು ಹೆಣ್ಣುಮಕ್ಕಳಿಗೆ ಅಲ್ವಾ" ಅಂತ ನಾನೇ ಬೇಡ ಅಂದಿದ್ದೆ. ನಾನೂ ಈಗ ಹಾಕಿಸಿಕೊಂಡರೆ ಇದು ಹೋಗುತ್ತದಾ?

ಇನ್ನೊಂದು. ನಮ್ಮದು ಅಡಿಕೆ ತೋಟ. ಅಪ್ಪ ದಿನಾ ಎಲೆ ಅಡಿಕೆ ಹಾಕುತ್ತಾರೆ, ಹೊಗೆಸೊಪ್ಪೂ ಸೇರಿಸಿ. ನಾನೂ ಊರಿಂದ ಬಂದ ಅಡಿಕೆ ಇಟ್ಟುಕೊಂಡಿದ್ದೇನೆ, ಊಟ ಆದ ಮೇಲೆ ಒಂದೆರಡು ಹೋಳು. ತಂಬಾಕು ಹಾಕುವುದಿಲ್ಲ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

---

ಹುಬ್ಬಳ್ಳಿ_ಗಂಟಲು:

ಮೊದಲು ಲಸಿಕೆ. ಇರುವ ವೈರಸ್ಸನ್ನು ಅದು ಓಡಿಸುವುದಿಲ್ಲ, ಬರುವುದನ್ನು ತಡೆಯುತ್ತದೆ. ಅಮೆರಿಕದಲ್ಲಿ 45 ವರ್ಷದ ತನಕ ಹಾಕಲು ಒಪ್ಪಿಗೆ ಇದೆ, ಆದರೆ ನಿಮ್ಮ ವಯಸ್ಸಿಗೆ ಲಾಭ ಕಡಿಮೆ. ನಿಮ್ಮ ಡಾಕ್ಟರ ಜೊತೆ ಮಾತಾಡಿ ತೀರ್ಮಾನಿಸಿ. ಮಗನದು ಬೇರೆ ಮಾತು. ಅವನಿಗೆ ಈಗಲೇ ಸರಿಯಾದ ವಯಸ್ಸು, ಮಗಳಿಗೂ 9ರಿಂದ ಹಾಕಬಹುದು. 18ರಿಂದ 33 ವರ್ಷದ ಅಮೆರಿಕದವರನ್ನು ನೋಡಿದಾಗ, ಲಸಿಕೆ ಹಾಕಿಸಿಕೊಳ್ಳದ ಸಾವಿರ ಜನರಲ್ಲಿ 16 ಮಂದಿಯ ಬಾಯಲ್ಲಿ ಆ ಲಸಿಕೆ ತಡೆಯುವ ಜಾತಿಗಳು ಸಿಕ್ಕವು. ಹಾಕಿಸಿಕೊಂಡವರಲ್ಲಿ ಸಾವಿರಕ್ಕೆ ಒಂದು. 2020ರಲ್ಲಿ ಎಫ್‌ಡಿಎ ಗಂಟಲಿನ ಕ್ಯಾನ್ಸರ್ ತಡೆಯುವುದನ್ನೂ ಈ ಲಸಿಕೆಯ ಉಪಯೋಗಗಳ ಪಟ್ಟಿಗೆ ಸೇರಿಸಿತು. ಹೆಣ್ಣುಮಕ್ಕಳದ್ದು ಮಾತ್ರ ಅಂತ ಇಲ್ಲಿ ನಮ್ಮಲ್ಲೂ ಎಷ್ಟೋ ಅಪ್ಪಂದಿರು ಅಂದುಕೊಂಡಿದ್ದಾರೆ. ಗಂಡಸರ ಬಾಯಲ್ಲೇ ಮೂರು ಪಟ್ಟು ಜಾಸ್ತಿ ಇರುವಾಗ ಗಂಡುಮಕ್ಕಳನ್ನು ಬಿಡುವುದು ಹೇಗೆ?

ಈಗ ಅಡಿಕೆ. ನಿಮ್ಮ ಮನೆಯ ಅನ್ನ ಅದರಿಂದ ಬಂದಿದೆ, ನನಗೆ ಗೊತ್ತು. ನನ್ನ ತವರಿನವರೂ ಶಿರಸಿ ಕಡೆಯ ತೋಟದವರೇ. ಆದರೂ ಹೇಳಬೇಕು.

ಎಚ್‌ಪಿವಿಯಿಂದ ಬರುವುದು ಗಂಟಲಿನ ಕ್ಯಾನ್ಸರ್: ಟಾನ್ಸಿಲ್, ನಾಲಿಗೆಯ ಬುಡ. ಅಮೆರಿಕದಲ್ಲಿ ಈ ಜಾಗದ ಕ್ಯಾನ್ಸರುಗಳಲ್ಲಿ ನೂರಕ್ಕೆ 70 ಅದರಿಂದಲೇ. ನಮ್ಮ ಕಡೆ ನಾನು ದಿನಾ ನೋಡುವುದು ಬಾಯಿಯ ಕ್ಯಾನ್ಸರ್: ಕೆನ್ನೆಯ ಒಳಗೆ, ವಸಡು, ನಾಲಿಗೆಯ ಅಂಚು. ಅದಕ್ಕೆ ಮುಖ್ಯ ಕಾರಣ ತಂಬಾಕು ಮತ್ತು ಅಡಿಕೆ. ತಂಬಾಕಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಪ್ರಕಟಿಸಿದೆ.

ಹೋದ ವಾರ ಗದಗ ಕಡೆಯ ಒಬ್ಬ ಲಾರಿ ಡ್ರೈವರ್ ಬಂದಿದ್ದ. 31 ವರ್ಷ. "ಬಾಯಿ ಬಿಡಪ್ಪಾ, ನಿನ್ನ ಬೆರಳೇ ಉದ್ದಕ್ಕೆ ಒಂದರ ಮೇಲೊಂದು ಇಟ್ಟು ಒಳಗೆ ಹಾಕು" ಅಂದೆ. ಸರಿಯಾದ ಬಾಯಿಗೆ ಮೂರು ಬೆರಳು ಹೋಗಬೇಕು. ಅವನ ಬಾಯಿಗೆ ಒಂದೂವರೆ ಹೋಯಿತು. ಕೆನ್ನೆಯ ಒಳಮೈ ಬಿಳಿಚಿಕೊಂಡು ಹಗ್ಗದ ಹಾಗೆ ಬಿಗಿದಿತ್ತು. ಖಾರದ ಚಟ್ನಿ ತಿನ್ನಲು ಆಗದೆ ಎರಡು ವರ್ಷ, ಅಲ್ಲಿಯವರೆಗೆ ಯಾರಿಗೂ ತೋರಿಸಿಲ್ಲ. ಜೇಬಿನಲ್ಲಿ ಆಗಲೂ ಒಂದು ಪಾಕೀಟು ಇತ್ತು, ಅಡಿಕೆಯದ್ದು.

ಅದಕ್ಕೇ ಕೇಳುತ್ತಿದ್ದೇನೆ. ನಿಮ್ಮ ಬಾಯಲ್ಲಿರುವ ವೈರಸ್ ಬಹುಶಃ ತಾನಾಗಿ ಹೋಗುತ್ತದೆ. ಆ ಅಡಿಕೆ ಹೋಳನ್ನು ನೀವೇ ಬಿಡಬೇಕು. ಅಪ್ಪನಿಗೂ ಈ ಸಲ ಫೋನ್ ಮಾಡಿದಾಗ ಮೂರು ಬೆರಳು ಹೋಗುತ್ತದಾ ನೋಡಲು ಹೇಳಿ. ಹೋಗದಿದ್ದರೆ, ಇಲ್ಲ ಬಾಯಲ್ಲಿ ಮೂರು ವಾರದಿಂದ ಆರದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ, ಬೇಗ ಡಾಕ್ಟರಿಗೆ ತೋರಿಸಲಿ.

---

ಚನ್ನಗಿರಿ_ತೋಟ:

ಇದನ್ನು ಬರೆಯುತ್ತಿರುವುದು ಅವರ ಹೆಂಡತಿ. ಅವರ ಅಕೌಂಟಿನಿಂದಲೇ ಬರೆಯುತ್ತಿದ್ದೇನೆ, ಅವರೇ ಲ್ಯಾಪ್‌ಟಾಪ್ ತಿರುಗಿಸಿ ಓದು ಅಂದರು.

ಕಪ್ಪು ಬೇರೆ ಇಟ್ಟದ್ದು ಮಕ್ಕಳಿಗೆ ಅಂಟೀತು ಅಂತ. ಅವರನ್ನು ದೂರ ಮಾಡಲು ಅಲ್ಲ. ಆದರೆ ಅನುಮಾನ ಇರಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ನಿನ್ನೆ ರಾತ್ರಿ ಮಕ್ಕಳು ಮಲಗಿದ ಮೇಲೆ ಎರಡು ಗಂಟೆ ಮಾತಾಡಿದೆವು. ಕಾವೇರಿ ಅಕ್ಕನ ಮಾತು ಓದಿ ಅತ್ತೆ.

ಇಬ್ಬರು ಮಕ್ಕಳಿಗೂ ಲಸಿಕೆಗೆ ಗುರುವಾರ ಸಮಯ ಸಿಕ್ಕಿದೆ. ಮಾವನವರಿಗೆ ಬೆಳಿಗ್ಗೆ ವಿಡಿಯೋ ಕಾಲ್ ಮಾಡಿ ನೋಡಿದೆವು. ಎರಡು ಬೆರಳು ಹೋಗುತ್ತದೆ, ಮೂರನೆಯದು ಹೋಗುವುದಿಲ್ಲ. ಮೈದುನ ಈ ವಾರವೇ ದಾವಣಗೆರೆಗೆ ಕರೆದುಕೊಂಡು ಹೋಗುತ್ತಾನೆ.

ಡಾಕ್ಟ್ರೇ, ನಾನೂ ಆ ಉಪ್ಪುನೀರಿನ ಟೆಸ್ಟ್ ಮಾಡಿಸಬೇಕಾ?

---

ಹುಬ್ಬಳ್ಳಿ_ಗಂಟಲು:

ಬೇಡಮ್ಮಾ. ಅದರಿಂದ ನಿಮಗೆ ಸಿಗುವುದು ಇನ್ನೊಂದು ಕಾಗದ ಅಷ್ಟೇ. ನಿಮಗೆ ಬೇಕಾದದ್ದು ಗರ್ಭಕೋಶದ ಬಾಯಿಯ ಪರೀಕ್ಷೆ. ಅಮೆರಿಕದಲ್ಲಿ 30ರಿಂದ 65 ವರ್ಷದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಎಚ್‌ಪಿವಿ ಟೆಸ್ಟ್ ಮಾಡುತ್ತಾರೆ. ಮನೆಯವರ ಅಪಾಯಿಂಟ್‌ಮೆಂಟ್ ಎಲ್ಲ ನೀವೇ ನೋಡುತ್ತೀರಿ ಅಂತ ಅವರು ಬರೆದಿದ್ದರು. ನಿಮ್ಮದು ಕೊನೆಯ ಸಲ ಯಾವಾಗ ಆಗಿತ್ತು?

ಮಾವನವರದ್ದು ಏನಂದರು ಅಂತ ಇಲ್ಲೇ ಬರೆಯಿರಿ, ಕಾಯುತ್ತಿರುತ್ತೇನೆ.